ನೆಸ್ಟರನ ಬೀಟ್‌ರೂಟ್ ನೀರು

"ನೆಸ್ಟರ್, ವಾಪಸ್ ಬಂದು ಲಾರಿ ಒಳಗೆ ಕೂತ್ಕೋ ಮಾರಾಯಾ. ನಿನ್ನನ್ನ ಎರಡನೇ ದರ್ಜೆ ಗೋಧಿ ಅಂತ ಕೊಂಡುಬಿಟ್ಟಿದೀನಿ."

ಈ ಮಾತು ಬಂದದ್ದು ಧ್ವನಿವರ್ಧಕದಲ್ಲಿ. ಆಡಿದವನು ವೊಲ್ಯಾ ಊರಿನ ಗೋಧಿ ಗೋದಾಮಿನಲ್ಲಿ ತೂಕ ನೋಡುವ ಡ್ವೈಟ್. ಕೇಳಿಸಿಕೊಂಡವರು ಸುಗ್ಗಿಯ ಆ ಮಧ್ಯಾಹ್ನ ವೇ-ಬ್ರಿಜ್ಜಿನ ಮುಂದೆ ಸಾಲುಗಟ್ಟಿದ್ದ ಹದಿನಾಲ್ಕು ಲಾರಿಗಳ ಜನ, ಅವರ ಹೆಂಡತಿಯರು, ಎರಡು ನಾಯಿ, ಮತ್ತು ಮ್ಯಾನಿಟೋಬಾದ ಬಯಲಿನಲ್ಲಿ ಗಾಳಿ ಯಾವ ಕಡೆ ಬೀಸುತ್ತಿತ್ತೋ ಆ ಕಡೆಯ ಮೂರು ಮೈಲಿ.

ಆದದ್ದು ಇಷ್ಟೇ. ಗೋಧಿ ತುಂಬಿದ ಲಾರಿಯನ್ನು ಚಾಲಕನ ಸಮೇತ ತೂಗುತ್ತಾರೆ. ಗೋಧಿ ಸುರಿದ ಮೇಲೆ ಖಾಲಿ ಲಾರಿಯನ್ನೂ ಚಾಲಕನ ಸಮೇತವೇ ತೂಗುತ್ತಾರೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದು ಗೋಧಿ. ಭಾವಮೈದುನನ ಲಾರಿ ಓಡಿಸಿಕೊಂಡು ಬಂದ ನೆಸ್ಟರ್ ಬಾಲುಕ್ ಮೊದಲ ತೂಕಕ್ಕೆ ಒಳಗೆ ಕೂತಿದ್ದ. ಎರಡನೆಯ ತೂಕದ ಹೊತ್ತಿಗೆ ಇಳಿದು ಎದುರಿನ ಗಾಡಿಯಲ್ಲಿ ಸಾಸೇಜು ಕೊಳ್ಳುತ್ತಿದ್ದ. ಹಾಗಾಗಿ ಗೋದಾಮಿನ ಯಂತ್ರದಲ್ಲಿ ನೂರ ಎಪ್ಪತ್ತು ಕಿಲೋ ಗೋಧಿ ಹೆಚ್ಚಾಗಿ ಬಂದಿತ್ತು.

"ಒಂದು ಸಾಸೇಜಿಗೆ ಇಳಿದಿದ್ದೆ ಅಷ್ಟೇ," ಅಂದ ನೆಸ್ಟರ್.

"ಇಳಿದದ್ದು ಒಳ್ಳೇದೇ ಆಯ್ತು, ಲಾರಿ ಒಂದ್ಸಲ ಉಸಿರು ಬಿಡ್ತು," ಅಂದಿತು ಧ್ವನಿವರ್ಧಕ. "ಆದ್ರೆ ಗೋಧೀಲಿ ಇಷ್ಟು ಕೊಬ್ಬು ಇದ್ರೆ ಹಡಗಿನವರು ವಾಪಸ್ ಕಳಿಸ್ತಾರೆ ಕಣಯ್ಯಾ."

ಹದಿನಾಲ್ಕು ಲಾರಿಗಳೂ ಹಾರ್ನ್ ಬಾರಿಸಿದವು. ಮನುಷ್ಯ ನಕ್ಕರೆ ಸಹಿಸಬಹುದು. ಲಾರಿ ನಕ್ಕರೆ ಕಷ್ಟ.

ನಗದೇ ಇದ್ದವನು ಒಬ್ಬನೇ. ಶಾಲೆಯ ಹಳದಿ ಬಸ್ಸಿಗೆ ಡೀಸೆಲ್ ಹಾಕಿಸುತ್ತಿದ್ದ ಒರೆಸ್ಟ್ ಪಾಲಿದೋರ್, ನೆಸ್ಟರನಷ್ಟೇ ದಪ್ಪ, ನೆಸ್ಟರನ ಒಂದನೇ ಕ್ಲಾಸಿನ ಜೊತೆಗಾರ. ಅವನು ನಿಧಾನವಾಗಿ ನಡೆದುಬಂದು ಡ್ವೈಟನ ಕಿಟಕಿಗೆ ಮೊಣಕೈ ಊರಿ ಹೇಳಿದ: "ನನ್ನನ್ನೂ ತೂಗಿಬಿಡು ಡ್ವೈಟ್. ಇಬ್ಬರೂ ಜೊತೇಲೇ ಹೋಗ್ತೀವಿ. ಚೀನಾಕ್ಕೆ ಕಳಿಸೋದಾದ್ರೆ ಕಿಟಕಿ ಪಕ್ಕ ಕೂರಿಸು."

ಆಮೇಲೆ ನೆಸ್ಟರನ ಕೈಯಲ್ಲಿದ್ದ ಸಾಸೇಜನ್ನು ಅರ್ಧ ಮುರಿದು ತಿಂದ. ಒರೆಸ್ಟನ ಸ್ನೇಹ ಅಂಥದ್ದು. ಅವಮಾನದಲ್ಲಿ ಪಾಲು, ಸಾಸೇಜಿನಲ್ಲೂ ಪಾಲು.

ವೊಲ್ಯಾದ ಸಮುದಾಯ ಭವನದಲ್ಲಿ ಇನ್ನೂರು ಮಡಚುವ ಕುರ್ಚಿಗಳಿವೆ. ಬಾಗಿಲ ಬಳಿ ಎರಡು ಕಬ್ಬಿಣದ ಕುರ್ಚಿಗಳಿವೆ. ಒಂದು ಮದುವೆಯಲ್ಲಿ, ವಧುವಿನ ಅಪ್ಪ ಗ್ಲಾಸು ಎತ್ತಿ ಮಾತಾಡುತ್ತಿದ್ದ ಹೊತ್ತಿಗೇ ಒರೆಸ್ಟ್ ಕೂತಿದ್ದ ಕುರ್ಚಿ ಮುರಿದುಹೋಯಿತು. ಮರುದಿನ ಅವನು ಹಳೆಯ ನೇಗಿಲಿನ ಚೌಕಟ್ಟು ಕತ್ತರಿಸಿ ತನಗೊಂದು, ನೆಸ್ಟರನಿಗೊಂದು ಬೆಸೆದು ತಂದಿಟ್ಟಿದ್ದ. ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಹದಿನಾರು ವರ್ಷದಿಂದ ಪ್ರತಿ ಮದುವೆ, ಪ್ರತಿ ತಿಥಿ, ಪ್ರತಿ ಸುಗ್ಗಿಯೂಟಕ್ಕೆ ಆ ಎರಡು ಕುರ್ಚಿಗಳಲ್ಲಿ ಆ ಇಬ್ಬರು ಅಕ್ಕಪಕ್ಕ ಕೂತು ಉಣ್ಣುತ್ತಿದ್ದರು.

ಗೋಧಿಯಾದ ಆ ಸಂಜೆ ನೆಸ್ಟರ್ ಮನೆಗೆ ಬಂದು ಚಮಚಗಳ ಡ್ರಾಯರ್ ಎಳೆದ. ಅಡಿಯಲ್ಲಿ ನಗರದ ಆಸ್ಪತ್ರೆಯಿಂದ ಆಗಸ್ಟಿನಲ್ಲೇ ಬಂದಿದ್ದ ಕಾಗದ ಇತ್ತು. ಎರಡು ವರ್ಷದ ಕೆಳಗೆ ಹೆಂಡತಿ ಲೋರ್ನಾಳ ಕಾಟ ತಾಳಲಾರದೆ ಹೆಸರು ಬರೆಸಿದ್ದ. ಹೊಟ್ಟೆ ಕತ್ತರಿಸಿ ಬಾಳೆಹಣ್ಣಿನಷ್ಟು ಉಳಿಸುವ ಶಸ್ತ್ರಚಿಕಿತ್ಸೆ. ಸರದಿ ನವೆಂಬರಿಗೆ ಬಂದಿತ್ತು.

"ಹೋಗ್ತೀನಿ," ಅಂದ. "ಆದ್ರೆ ಯಾರಿಗೂ ಹೇಳಬಾರದು."

"ಒರೆಸ್ಟ್‌ಗೆ?"

"ಒರೆಸ್ಟ್‌ಗೆ ಹೇಳಿದ್ರೆ ಅವನು ಹೆಂಡ್ತಿಗೆ ಹೇಳ್ತಾನೆ."

"ಅವನಿಗೆ ಹೆಂಡ್ತಿ ಎಲ್ಲಿದಾಳೆ?"

"ಅದೇ ಮತ್ತೆ. ಹೇಳ್ಕೊಳ್ಳಕ್ಕೆ ಮನೇಲಿ ಯಾರೂ ಇಲ್ದೆ ಊರಿಗೆಲ್ಲ ಹೇಳ್ತಾನೆ."

ಈ ಭಯಕ್ಕೆ ಕಾರಣ ಇತ್ತು. ಮೂರು ವರ್ಷದ ಹಿಂದೆ ಶಾಲೆಯ ಡೋರೀನ್ ಟೀಚರ್ ಇದೇ ಚಿಕಿತ್ಸೆ ಮಾಡಿಸಿಕೊಂಡು ಬಂದು, ಮುಚ್ಚುಮರೆಯಿಲ್ಲದೆ ಎಲ್ಲರಿಗೂ ಹೇಳಿದ್ದಳು. ಪಾಪ, ಓದಿದವಳು; ಸತ್ಯ ಹೇಳಿದರೆ ಜನ ಮೆಚ್ಚುತ್ತಾರೆಂದು ಪುಸ್ತಕದಲ್ಲಿ ನೋಡಿರಬೇಕು. ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಹಿ ಮಾಡುವ ಹೆಂಗಸರ ದಂಡಿಗೆ ನಲವತ್ತು ವರ್ಷದಿಂದ ಯಜಮಾನಿಯಾಗಿರುವ ಪಾನಿ ಸ್ಟೆಫಾ (ಪಾನಿ ಅಂದರೆ ಅಮ್ಮಾವ್ರು), ಆಲೂಗಡ್ಡೆ ತುಂಬಿದ ಕಡುಬಿನ ಅಂಚು ಚಿವುಟುತ್ತಾ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಅವಳು ಸಣ್ಣ ಆಗಲಿಲ್ಲ, ಸಣ್ಣ ಮಾಡಿಸ್ಕೊಂಡ್ಳು. ಅಂಗಡಿ ಪಿರೋಹಿ ತಂದು ಸುಗ್ಗಿಯೂಟಕ್ಕೆ ಇಟ್ಟ ಹಾಗೆ."

ವೊಲ್ಯಾದಲ್ಲಿ ಹೆಂಡತಿಗೆ ಹೊಡೆದವನಿಗೆ ಕ್ಷಮೆ ಉಂಟು. ಕುಡಿದು ಟ್ರ್ಯಾಕ್ಟರನ್ನು ಚರ್ಚಿನ ಗೋಡೆಗೆ ಗುದ್ದಿದವನನ್ನು ಮರುವರ್ಷ ಅದೇ ಚರ್ಚಿನ ಸಮಿತಿಗೆ ಆರಿಸಿದರು. ಅಂಗಡಿಯ ಪಿರೋಹಿಗೆ ಮಾತ್ರ ಕ್ಷಮೆ ಇಲ್ಲ. ಡೋರೀನ್ ಟೀಚರ್ ಜೂನ್ ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋದಳು.

"ಆಣೆ ಇಡು," ಅಂದ ನೆಸ್ಟರ್. ಲೋರ್ನಾ ಗೋಡೆಯ ಮೇಲಿದ್ದ ಮೇರಿಯಮ್ಮನ ಪಟದ ಮೇಲೆ ಕೈಯಿಟ್ಟಳು. "ನಾನು ಬಾಯಿ ಬಿಡಲ್ಲ. ಹೇಳೋದಿದ್ರೆ ನೀನೇ ಹೇಳ್ಬೇಕು. ಹೇಳ್ತೀಯ ಒಂದಿನ, ನೋಡ್ತಿರು."

ನೆಸ್ಟರನ ಕೆಲಸ ತಾಲೂಕಿನ ಗ್ರೇಡರ್ ಓಡಿಸುವುದು, ಅಂದರೆ ಮಣ್ಣಿನ ರಸ್ತೆ ಕೆರೆದು ಸಮ ಮಾಡುವುದು. ಹತ್ತು ದಿನ ಮಾಯವಾಗುವುದಕ್ಕೆ ಅವನು ಹೇಳಿದ ನೆಪ: ನಗರದಲ್ಲಿ ಗ್ರೇಡರ್ ತರಬೇತಿ.

"ಇಪ್ಪತ್ತೆರಡು ವರ್ಷ ರಸ್ತೆ ಕೆರೆದಿದೀಯ. ಇನ್ನೇನು ಹೇಳಿಕೊಟ್ರು?" ಅಂತ ಡ್ವೈಟ್ ಕೇಳಿದ, ಅವನು ವಾಪಸು ಬಂದ ಮೇಲೆ. ನೆಸ್ಟರನ ಹೊಟ್ಟೆಯ ಮೇಲೆ ಆಗ ಐದು ಹೊಲಿಗೆಗಳಿದ್ದವು. ಗ್ರೇಡರಿನ ಮೆಟ್ಟಿಲು ಹತ್ತುವುದು ಇನ್ನೂ ಆರು ವಾರ ಸಾಧ್ಯವಿರಲಿಲ್ಲ.

"ಈಗ ಹೊಸ ವಿಧಾನ ಬಂದಿದೆ," ಅಂದ ನೆಸ್ಟರ್. "ರಸ್ತೆಗೂ ವಿಶ್ರಾಂತಿ ಬೇಕಂತೆ. ಚಳಿಗಾಲದ ಮೊದಲ ಆರು ವಾರ ಮುಟ್ಟಬಾರದಂತೆ."

ತಾಲೂಕು ಮಂಡಳಿ ಸಭೆ ಕರೆದು ಚರ್ಚಿಸಿತು. ರಸ್ತೆಗೂ ವಿಶ್ರಾಂತಿ ಬೇಕು ಎಂಬ ಠರಾವು ಅವಿರೋಧವಾಗಿ ಪಾಸಾಯಿತು. ಆ ಚಳಿಗಾಲ ಊರಿನ ಅರ್ಧ ಕಾರುಗಳ ಆಕ್ಸಲ್ ಮುರಿಯಿತು. ಯಾರೂ ಏನೂ ಅನ್ನಲಿಲ್ಲ. ನಗರದಲ್ಲಿ ಹೇಳಿಕೊಟ್ಟದ್ದಲ್ಲವೇ.

ಮನೆಯಲ್ಲಿ ನಾಟಕ ಇನ್ನೂ ದೊಡ್ಡದಾಗಿತ್ತು. ನೆಸ್ಟರ್ ಈಗ ಒಂದು ಹೊತ್ತಿಗೆ ಎರಡು ಚಮಚ ಸೂಪು ಕುಡಿದರೆ ಹೆಚ್ಚು. ಆದರೆ ಲೋರ್ನಾ ಒಮ್ಮೆಲೇ ಕಡಿಮೆ ಆಲೂಗಡ್ಡೆ, ಕಡಿಮೆ ಹುಳಿಕೆನೆ ಕೊಂಡರೆ ಅಂಗಡಿಯ ಹುಡುಗಿ ಸಂಜೆಯೊಳಗೆ ಊರಿಗೆ ಸಾರುತ್ತಾಳೆ. ಹಾಗಾಗಿ ಲೋರ್ನಾ ಮೊದಲಿನಷ್ಟೇ ಕೊಂಡಳು, ಮೊದಲಿನಷ್ಟೇ ಬೇಯಿಸಿದಳು, ನಾಯಿ ಬ್ರುಟಸ್‌ಗೆ ಹಾಕಿದಳು. ಮಾರ್ಚ್ ಹೊತ್ತಿಗೆ ನೆಸ್ಟರ್ ನಲವತ್ತು ಕಿಲೋ ಇಳಿದಿದ್ದ. ಬ್ರುಟಸ್ ಮೆಟ್ಟಿಲು ಹತ್ತುವುದನ್ನು ಬಿಟ್ಟಿತ್ತು. ನಾಯಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ನೆಸ್ಟರನನ್ನು.

ಉಪವಾಸದ ತಿಂಗಳ ಒಂದು ಬುಧವಾರ. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಪಿರೋಹಿ ಚಿವುಟುತ್ತಿದ್ದರು, ಗಂಡಸರು ಒಂದು ಮೂಲೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರು. ನೆಸ್ಟರ್, ಒರೆಸ್ಟ್ ಒಂದೇ ಬಕೆಟ್ಟಿಗೆ ಸಿಪ್ಪೆ ಹಾಕುತ್ತಾ ಕೂತಿದ್ದರು. ಪಾನಿ ಸ್ಟೆಫಾ ಲಟ್ಟಣಿಗೆ ಹಿಡಿದುಕೊಂಡೇ ಬಂದು ನೆಸ್ಟರನ ಎದುರು ನಿಂತಳು.

"ನಿನ್ನ ಪ್ಯಾಂಟು ನಿನ್ನ ಜೊತೆ ಬರ್ತಾ ಇಲ್ಲ ನೆಸ್ಟರ್. ಹಿಂದೆ ಹಿಂದೆ ಬರ್ತಾ ಇದೆ. ಏನು ಕಾಯಿಲೆ?"

"ಕಾಯಿಲೆ ಇಲ್ಲ ಪಾನಿ ಸ್ಟೆಫಾ."

"ಹಾಗಾದ್ರೆ?" ಅವಳ ಕಣ್ಣು ಕಿರಿದಾಯಿತು. "ಆ ಟೀಚರ್ ಥರ...?"

ಮೂವತ್ತು ಹೆಂಗಸರ ಅರವತ್ತು ಕೈಗಳು ಚಿವುಟುವುದನ್ನು ನಿಲ್ಲಿಸಿದವು. ಆ ನಲವತ್ತು ವರ್ಷದಲ್ಲಿ ಅವು ನಿಂತದ್ದು ಅದು ಎರಡನೆಯ ಸಲವಂತೆ. ಮೊದಲನೆಯದು ಹಿಂದಿನ ಪಾದ್ರಿ ಸತ್ತಾಗ. ನೆಸ್ಟರ್ ಸುತ್ತ ನೋಡಿದ. ಮೇಜಿನ ಮೇಲೆ ಯಾರೋ ತಂದಿಟ್ಟಿದ್ದ ಉಪ್ಪಿನ ಬೀಟ್‌ರೂಟಿನ ಜಾಡಿ ಇತ್ತು. ಅಲ್ಲಿ ಮೂಲಂಗಿ ಇದ್ದಿದ್ದರೆ ಈ ಕಥೆ ಬೇರೆ ಬಣ್ಣದ್ದಾಗುತ್ತಿತ್ತು.

"ಬೀಟ್‌ರೂಟ್," ಅಂದ.

"ಏನು ಬೀಟ್‌ರೂಟು?"

"ಬೀಟ್‌ರೂಟ್ ಹುಳಿನೀರು. ನಮ್ಮ ಬಾಬಾ ಮಾಡ್ತಿದ್ಳಲ್ಲ, ಅಜ್ಜಿ. ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದು ಲೋಟ."

"ಬರೀ ಅಷ್ಟೇನಾ?"

"ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಂಡೆ," ಅಂದ. ಇದು ಅವನು ಆಡಬಾರದಿದ್ದ ಮಾತು. ಆದರೆ ಒಮ್ಮೆ ಸುಳ್ಳಿಗೆ ಕಾಲು ಬಂದ ಮೇಲೆ ಅದಕ್ಕೆ ಬೂಟು ತೊಡಿಸದೆ ಇರುವುದು ಯಾರಿಗೂ ಆಗುವುದಿಲ್ಲ.

"ಮಾತ್ರೆ ಗೀತ್ರೆ?"

"ಒಂದೂ ಇಲ್ಲ. ಮಾತ್ರೆಯಿಂದಲೇ ಮನುಷ್ಯ ಕೆಡೋದು." ಅವನ ಅಂಗಿಯ ಜೇಬಿನಲ್ಲಿ ಆ ಹೊತ್ತಿನ ಹನ್ನೊಂದು ವಿಟಮಿನ್ ಮಾತ್ರೆಗಳಿದ್ದವು.

ಪಾನಿ ಸ್ಟೆಫಾ ಲಟ್ಟಣಿಗೆ ಕೆಳಗಿಟ್ಟು ಶಿಲುಬೆಯ ಗುರುತು ಮಾಡಿಕೊಂಡಳು. "ನೋಡಿ ಕಲೀರಿ," ಅಂದಳು ಎಲ್ಲರಿಗೂ. "ನಮ್ಮ ಹುಡುಗ. ನಮ್ಮ ಬೀಟ್‌ರೂಟ್. ಕತ್ತಿ ಇಲ್ಲ, ಕತ್ತರಿ ಇಲ್ಲ."

ಒರೆಸ್ಟ್ ಅರ್ಧ ಸುಲಿದ ಆಲೂಗಡ್ಡೆ ಹಿಡಿದುಕೊಂಡು ಜೊತೆಗಾರನನ್ನೇ ನೋಡುತ್ತಿದ್ದ. ಅವನಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. "ನಂಗೆ ಯಾಕೋ ಹೇಳ್ಲಿಲ್ಲ ನೀನು?" ಅಂದ ಮೆಲ್ಲಗೆ.

"ಹೇಳೋಣ ಅಂತಲೇ ಇದ್ದೆ," ಅಂದ ನೆಸ್ಟರ್. ಆ ದಿನ ಅವನು ಆಡಿದ ಮಾತುಗಳಲ್ಲಿ ನಿಜಕ್ಕೆ ಹತ್ತಿರವಾದದ್ದು ಇದೊಂದೇ.

ಒಂದು ವಾರದಲ್ಲಿ ವೊಲ್ಯಾದ ನೆಲಮಾಳಿಗೆಗಳಲ್ಲಿ ಬೀಟ್‌ರೂಟ್ ಖಾಲಿ. ಎರಡನೆಯ ವಾರ ಪಕ್ಕದ ಊರಿನಲ್ಲೂ ಖಾಲಿ. ಪ್ರತಿ ಅಡಿಗೆಮನೆಯ ಕಿಟಕಿಯಲ್ಲಿ ರಕ್ತದ ಬಣ್ಣದ ಜಾಡಿಗಳು. ಭಾನುವಾರ ಚರ್ಚಿನಲ್ಲಿ ಹಾಡಲು ಬಾಯಿ ತೆರೆದರೆ ಇಡೀ ಊರು ಯಾರನ್ನೋ ಕಚ್ಚಿ ಬಂದ ಹಾಗಿತ್ತು. ಪಾನಿ ಸ್ಟೆಫಾ ಸ್ವತಃ ದಿನಕ್ಕೆ ನಾಲ್ಕು ಲೋಟ ಕುಡಿದಳು. ಡ್ವೈಟ್ ಗುಟ್ಟಾಗಿ ಕುಡಿದ. ಅಂಗಿಯ ಕಾಲರು ಗುಟ್ಟು ಬಿಟ್ಟುಕೊಟ್ಟಿತು.

ಬೀಟ್‌ರೂಟ್ ಬಹಳ ತಿಂದವರಲ್ಲಿ ಕೆಲವರಿಗೆ ಮೂತ್ರ ಕೆಂಪಗಾಗುತ್ತದೆ. ಈ ಸಣ್ಣ ಸಂಗತಿ ವೊಲ್ಯಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ವಾರದಲ್ಲಿ ಹದಿನೇಳು ಜನ ಗಂಡಸರು, ಒಬ್ಬರಿಗೊಬ್ಬರು ಹೇಳದೆ, ವಿಲ್ ಬರೆಸಿದರು. ಇಬ್ಬರು ಪಾದ್ರಿಯ ಬಳಿ ಹೋಗಿ ಮೂವತ್ತು ವರ್ಷದ ಹಿಂದಿನ ಪಾಪ ಒಪ್ಪಿಕೊಂಡರು. ಇಬ್ಬರ ಪಾಪದಲ್ಲೂ ಬಂದ ಹೆಂಗಸು ಒಬ್ಬಳೇ ಆಗಿದ್ದರಿಂದ ಪಾದ್ರಿಗೆ ಹೊಸ ತಲೆನೋವು ಶುರುವಾಯಿತು. ಊರಿನ ಚಿಕಿತ್ಸಾಲಯದ ನರ್ಸು ಒಂದೇ ಸೋಮವಾರ ಕೆಂಪು ಮೂತ್ರದ ನಲವತ್ತು ಬಾಟಲಿ ನೋಡಿ, ಪ್ರಾಂತ್ಯದ ಆರೋಗ್ಯ ಇಲಾಖೆಗೆ ಫೋನು ಹಚ್ಚಿದಳು.

ಇಲಾಖೆಯಿಂದ ಬಿಳಿ ವ್ಯಾನು ಬಂತು. ಇಳಿದ ಅಧಿಕಾರಿಣಿ ಬೋರ್‌ವೆಲ್ ನೀರು, ಚರ್ಚಿನ ನೀರು, ಶಾಲೆಯ ನೀರು ಎಲ್ಲದರ ಮಾದರಿ ತೆಗೆದಳು. ಫಲಿತಾಂಶ ಬರುವವರೆಗೆ ನೀರು ಕುದಿಸದೆ ಕುಡಿಯಬಾರದೆಂದು ಅಂಚೆ ಕಚೇರಿಗೆ ಚೀಟಿ ಅಂಟಿಸಿದಳು. ಹನ್ನೊಂದು ದಿನ ಊರು ನೀರು ಕುದಿಸಿತು; ಕುದಿಸಿದ ನೀರಿನಲ್ಲಿ ಇನ್ನಷ್ಟು ಬೀಟ್‌ರೂಟ್ ನೆನೆಹಾಕಿತು.

ಹನ್ನೆರಡನೆಯ ದಿನ ಅಧಿಕಾರಿಣಿ ಸಮುದಾಯ ಭವನದಲ್ಲಿ ಸಭೆ ಕರೆದಳು.

"ನಿಮ್ಮ ನೀರಲ್ಲಿ ಏನೂ ಇಲ್ಲ," ಅಂದಳು. "ನಿಮ್ಮಲ್ಲಿ ಬೀಟ್‌ರೂಟ್ ಇದೆ. ಯಾರ ಉಪಾಯ ಇದು?"

ಇಡೀ ಭವನ ಹೆಮ್ಮೆಯಿಂದ ನೆಸ್ಟರನ ಕಡೆ ಕೈ ತೋರಿಸಿತು. ಅವನು ತನ್ನ ಕಬ್ಬಿಣದ ಕುರ್ಚಿಯ ಒಂದು ಮೂಲೆಯಲ್ಲಿ, ಎರಡು ಬೆರಳಿನಷ್ಟು ಸೂಪು ಹಾಕಿದ ಚಿಕ್ಕ ಕಪ್ಪು ಹಿಡಿದು ಕೂತಿದ್ದ.

"ಎಷ್ಟು ಇಳಿದಿದೀರಿ?" ಅಧಿಕಾರಿಣಿ ಕೇಳಿದಳು.

"ಐದು ತಿಂಗಳಲ್ಲಿ ಐವತ್ತು ಕಿಲೋ."

"ಬೀಟ್‌ರೂಟಿಂದ?"

"ಬೀಟ್‌ರೂಟಿಂದ."

ಅವಳು ಅವನ ಕಪ್ಪನ್ನು ನೋಡಿದಳು. ಐದು ನಿಮಿಷಕ್ಕೊಮ್ಮೆ ಒಂದು ಗುಟುಕು ಕುಡಿಯುತ್ತಿದ್ದ ಅವನ ತುಟಿ ನೋಡಿದಳು. ಕೆಂಪಿರದ ಅವನ ಹಲ್ಲು ನೋಡಿದಳು. ಏನೋ ಹೇಳುವವಳಂತೆ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ಇದು ನಮ್ಮ ಇಲಾಖೆಗೆ ಬರಲ್ಲ," ಅಂದು ವ್ಯಾನು ಹತ್ತಿ ಹೋದಳು. ಸರಕಾರ ಅಂದಮೇಲೆ ಅಷ್ಟು ಮರ್ಯಾದೆ ಇರುತ್ತದೆ. ಗೊತ್ತಾದದ್ದನ್ನೆಲ್ಲ ಹೇಳಿಬಿಡುವುದಿಲ್ಲ.

ಕೆಂಪು ಮೂತ್ರದ ಭಯ ಹೋದದ್ದೇ ತಡ, ಅರ್ಧ ಊರು ಬೀಟ್‌ರೂಟ್ ಬಿಟ್ಟಿತು. ಯಾರ ಹೊಟ್ಟೆಯೂ ಇಳಿದಿರಲಿಲ್ಲ, ಆದರೆ ಯಾರಿಗೂ ಅಂಥ ಅವಸರವೂ ಇರಲಿಲ್ಲ. ಅವಸರವಿದ್ದವನು ಒರೆಸ್ಟ್ ಒಬ್ಬನೇ.

ಒರೆಸ್ಟ್ ಬೆಳಗ್ಗೆ ಒಂದು ಲೋಟದಿಂದ ಶುರುಮಾಡಿದವನು ಆರು ಲೋಟಕ್ಕೆ ಬಂದಿದ್ದ. ಬ್ರೆಡ್ಡು ಬಿಟ್ಟ. ಪಿರೋಹಿ ಬಿಟ್ಟ. ಚಿಕಿತ್ಸಾಲಯದ ತಕ್ಕಡಿ ಅವನ ಭಾರಕ್ಕೆ ಕೈಯೆತ್ತಿದ್ದರಿಂದ, ಪ್ರತಿ ಶನಿವಾರ ಗೋದಾಮಿಗೆ ಹೋಗಿ ಲಾರಿಯೊಳಗೆ ಕೂತು ಒಮ್ಮೆ, ಇಳಿದು ಒಮ್ಮೆ ತೂಗಿಸಿಕೊಂಡ. ವೇ-ಬ್ರಿಜ್ಜು ಹತ್ತು ಕಿಲೋಕ್ಕಿಂತ ಕಡಿಮೆಯದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಒರೆಸ್ಟ್ ನಾಲ್ಕು ಕಿಲೋ ಇಳಿದಿದ್ದರೂ, ಆರು ಕಿಲೋ ಇಳಿದಿದ್ದರೂ, ಅದು ನೂರ ಅರವತ್ತು ಅಂತಲೇ ಹೇಳುತ್ತಿತ್ತು. "ಈ ವಾರವೂ ಅದೇ ಗೋಧಿ," ಅಂತ ಡ್ವೈಟ್ ಧ್ವನಿವರ್ಧಕದಲ್ಲಿ ಸಾರುತ್ತಿದ್ದ.

"ಇವತ್ತೇ ಹೋಗಿ ಅವನಿಗೆ ಹೇಳು," ಅಂದಳು ಲೋರ್ನಾ ಜೂನ್ ತಿಂಗಳಲ್ಲಿ. "ಊರಿಗೆ ಬೇಡ. ಅವನಿಗೊಬ್ಬನಿಗೆ."

ನೆಸ್ಟರ್ ಹೋದ. ಒರೆಸ್ಟ್ ಅಂಗಳದಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಕೂತು, ಬೂಟು ಬಿಚ್ಚಿ ಪಾದ ನೋಡಿಕೊಳ್ಳುತ್ತಿದ್ದ. ಮುಖ ಬೂದಿಯ ಬಣ್ಣ, ತುಟಿ ಮಾತ್ರ ಕೆಂಪು.

"ಒರೆಸ್ಟ್, ನಿಂಗೆ ಒಂದು ವಿಷಯ ಹೇಳ್ಬೇಕು."

"ಮೊದ್ಲು ನಂದು ಕೇಳು." ಒರೆಸ್ಟ್ ಪಕ್ಕದಲ್ಲಿ ಜಾಗ ಮಾಡಿಕೊಟ್ಟ, ಈಗ ಇಬ್ಬರೂ ಆ ಮೆಟ್ಟಿಲ ಮೇಲೆ ಹಿಡಿಸುತ್ತಿದ್ದರು. "ನಿನ್ನೆ ಅಂಗಡೀಲಿ ಆ ಡ್ವೈಟ್ ಏನಂದ ಗೊತ್ತಾ? ನೆಸ್ಟರ್ ನಗರಕ್ಕೆ ಹೋಗಿ ಕುಯ್ಯಿಸ್ಕೊಂಡು ಬಂದಿದಾನೆ, ಬೀಟ್‌ರೂಟು ಬರೀ ಬುರುಡೆ ಅಂತ. ನಾನು ಅವನ ಕಾಲರ್ ಹಿಡಿದುಬಿಟ್ಟೆ. ಒಂದನೇ ಕ್ಲಾಸಿಂದ ನೋಡಿದೀನಿ ಅವನನ್ನ, ಚಡ್ಡೀಲಿ ಮಾಡ್ಕೊಂಡಾಗಲೂ ನನಗೆ ಮೊದ್ಲು ಹೇಳಿದವನು ಅವನು, ಇದನ್ನ ಹೇಳ್ದೆ ಇರ್ತಾನಾ ಅಂದೆ. ಸರಿ ತಾನೆ?"

ನೆಸ್ಟರ್ ಬಸ್ಸಿನ ಟಯರು ನೋಡಿದ.

"ಸರಿ," ಅಂದ.

"ಈಗ ನಿಂದು ಹೇಳು. ಏನೋ ವಿಷಯ ಅಂದ್ಯಲ್ಲ."

"ನಿನ್ನ ಹಿಂದಿನ ಟಯರಲ್ಲಿ ಗಾಳಿ ಕಡಿಮೆ ಇದೆ."

ಒರೆಸ್ಟ್ ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಮಾರಾಯಾ. ಇಷ್ಟು ದಿನ ಇದು ನಮ್ಮಿಬ್ರ ರಕ್ತದಲ್ಲೇ ಬಂದದ್ದು, ಏನ್ಮಾಡಕ್ಕಾಗತ್ತೆ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು. ನೀನು ಮನಸ್ಸು ಮಾಡಿದೆ, ಆಯ್ತು. ನಂಗೆ ಮನಸ್ಸೇ ಇಲ್ಲ. ಅಷ್ಟೇ ವ್ಯತ್ಯಾಸ. ಸಕ್ಕರೆ ಮಾತ್ರೇನೂ ಬಿಟ್ಟಿದೀನಿ ಈಗ, ನೀನು ಹೇಳಿದ ಹಾಗೆ. ನೋಡೋಣ."

"ಮಾತ್ರೆ ಬಿಡಬೇಡ್ವೋ," ಅಂದ ನೆಸ್ಟರ್.

"ನೀನು ಬಿಡಲಿಲ್ವಾ?"

ಇದಕ್ಕೆ ಉತ್ತರ ಹೇಳಬೇಕಿದ್ದರೆ ಮೊದಲಿನಿಂದ ಹೇಳಬೇಕಿತ್ತು. ನೆಸ್ಟರ್ ಎದ್ದು ಟಯರಿಗೆ ಗಾಳಿ ಹಾಕಿಕೊಟ್ಟು ಮನೆಗೆ ಬಂದ.

"ಹೇಳಿದ್ಯಾ?" ಕೇಳಿದಳು ಲೋರ್ನಾ.

"ಹೇಳಕ್ಕೇ ಬಿಡಲಿಲ್ಲ ಅವನು."

ಆಗಸ್ಟಿನಲ್ಲಿ ಒರೆಸ್ಟನ ಎಡಗಾಲಿನ ಎರಡು ಬೆರಳು ಕಪ್ಪಾದವು. ಬೂಟಿನೊಳಗೆ ಕಲ್ಲೊಂದು ಸೇರಿ ಐದು ದಿನ ಇತ್ತು. ಪಾದಕ್ಕೆ ಸ್ಪರ್ಶ ಹೋಗಿದ್ದರಿಂದ ಗೊತ್ತಾಗಿರಲಿಲ್ಲ. ನಗರದ ಆಸ್ಪತ್ರೆಯಲ್ಲಿ, ನೆಸ್ಟರ್ ಮಲಗಿದ್ದ ಅದೇ ಆಸ್ಪತ್ರೆಯಲ್ಲಿ, ಆ ಎರಡು ಬೆರಳನ್ನು ತೆಗೆದರು. ಶಾಲೆಯವರು ಬಹಳ ವಿಷಾದದಿಂದ ಬಸ್ಸಿನ ಕೀಲಿ ವಾಪಸು ತೆಗೆದುಕೊಂಡರು. ಇಪ್ಪತ್ತು ವರ್ಷ ಬಸ್ಸು ಓಡಿಸಿದ್ದಕ್ಕೆ ಒಂದು ಕೇಕು ಕೊಟ್ಟರು. ಸಕ್ಕರೆ ಕಾಯಿಲೆಯವನಿಗೆ ಕೇಕು. ಕೇಕಿನ ಮೇಲೆ ಸಕ್ಕರೆಯಲ್ಲಿ ಮಾಡಿದ ಹಳದಿ ಬಸ್ಸು.

ಪಾನಿ ಸ್ಟೆಫಾ ಆಸ್ಪತ್ರೆಗೆ ಪಿರೋಹಿ ಕಳಿಸಿದಳು, ಜೊತೆಗೆ ಮಾತೂ ಕಳಿಸಿದಳು: "ನೆಸ್ಟರನ ಥರ ಕಟ್ಟುನಿಟ್ಟಾಗಿ ಮಾಡಿದ್ರೆ ಹೀಗಾಗ್ತಿರಲಿಲ್ಲ ಅಂತ ಹೇಳು ಅವನಿಗೆ."

ಅಕ್ಟೋಬರಿನ ಸುಗ್ಗಿಯೂಟಕ್ಕೆ ಮೂರು ದಿನ ಮೊದಲು ಮಂಡಳಿಯವರು ಮನೆಗೆ ಬಂದರು. ಈ ವರ್ಷದ ಸನ್ಮಾನ ನೆಸ್ಟರನಿಗಂತೆ. ಪ್ರಶಸ್ತಿ ಪತ್ರದಲ್ಲಿ ಛಲ, ಪರಂಪರೆ, ಬೀಟ್‌ರೂಟ್ ಎಂಬ ಮೂರು ಮಾತುಗಳಿದ್ದವು. ಅವರು ಹೋದ ಮೇಲೆ ಲೋರ್ನಾ ಪಾತ್ರೆ ತೊಳೆಯುತ್ತಾ, ತಿರುಗಿ ನೋಡದೆ ಹೇಳಿದಳು: "ಮೈಕು ಕೈಗೆ ಕೊಡ್ತಾರೆ. ಆವಾಗ ಹೇಳು. ಆಣೆ ಇಟ್ಟಿದೀನಿ ಅಂತ ಸುಮ್ಮನಿದೀನಿ ನೆಸ್ಟರ್. ಆ ಪಟದ ಕಡೆ ನೋಡಕ್ಕೂ ಆಗ್ತಿಲ್ಲ ನಂಗೆ."

"ಹೇಳ್ತೀನಿ."

"ಅವನ ಎದುರಿಗೇ."

"ಹೇಳ್ತೀನಿ ಅಂದ್ನಲ್ಲ."

ಆಸ್ಪತ್ರೆಯ ಆ ಕಾಗದವನ್ನು ಮಡಚಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಅವನು ಭವನಕ್ಕೆ ಹೋದ. ಕೋಟು ಹೊಸದು. ಅದರಲ್ಲಿ ಅವನು ಯಾರದೋ ಅಳಿಯನ ಹಾಗೆ ಕಾಣುತ್ತಿದ್ದ.

ಇನ್ನೂರು ಜನ. ಉದ್ದ ಮೇಜುಗಳ ಮೇಲೆ ಟರ್ಕಿ ಕೋಳಿ, ಎಲೆಕೋಸಿನ ಸುರುಳಿ, ಗುಡ್ಡೆ ಗುಡ್ಡೆ ಪಿರೋಹಿ, ಬೋಗುಣಿಯಲ್ಲಿ ಬೀಟ್‌ರೂಟ್. ಬಾಗಿಲ ಬಳಿ ಕಬ್ಬಿಣದ ಕುರ್ಚಿಗಳಲ್ಲಿ ಒಂದರ ಮೇಲೆ ಒರೆಸ್ಟ್, ಕಾಲಿಗೆ ಬ್ಯಾಂಡೇಜು, ಊರುಗೋಲು ಪಕ್ಕದ ಖಾಲಿ ಕುರ್ಚಿಗೆ ಒರಗಿಸಿದ್ದ. ನೆಸ್ಟರನನ್ನು ಕಂಡು ಊರುಗೋಲು ತೆಗೆದು ಜಾಗ ಮಾಡಿದ. ಅಷ್ಟರಲ್ಲಿ ಮಂಡಳಿಯವರು ನೆಸ್ಟರನ ತೋಳು ಹಿಡಿದು ವೇದಿಕೆಗೆ ಕರೆದೊಯ್ದು, ಮಡಚುವ ಕುರ್ಚಿಯ ಮೇಲೆ ಕೂರಿಸಿದರು. ಕುರ್ಚಿ ಮುರಿಯಲಿಲ್ಲ. ಅದಕ್ಕೂ ಚಪ್ಪಾಳೆ ಬಿತ್ತು.

ಮೈಕು ಹಿಡಿದವನು ಡ್ವೈಟ್. ಧ್ವನಿವರ್ಧಕದ ಅನುಭವ ಇದ್ದವನೆಂದು ಅವನನ್ನೇ ಕರೆದಿದ್ದರು.

"ಹೋದ ವರ್ಷ ಇವನನ್ನ ಗೋಧಿ ಅಂತ ಕೊಂಡ್ಕೊಂಡಿದ್ದೆ," ಅಂದ ಡ್ವೈಟ್. "ಈ ವರ್ಷ ಕೊಂಡ್ರೆ ನಂಗೆ ನಷ್ಟ." ಭವನ ನಕ್ಕಿತು. "ಒಬ್ಬ ಮನುಷ್ಯ, ಒಂದು ಲೋಟ, ಒಂದು ಛಲ. ಅಲ್ಲಿ ನೋಡಿ, ಬಾಗಿಲ ಹತ್ರ, ಅದೇ ವಯಸ್ಸು, ಅದೇ ಊರು, ಅದೇ ಬೀಟ್‌ರೂಟು. ಇವನಿಗೆ ಛಲ ಇತ್ತು, ಅವನಿಗೆ ಕುರ್ಚಿ ಇದೆ. ಒರೆಸ್ಟ್, ನೆಸ್ಟರನ ಕುರ್ಚಿ ಈಗ ಯಾರಿಗೂ ಬೇಡವಂತೆ. ನಿನಗೆ ಒಂದು ಸಾಲದೆ ಇದ್ರೆ ಅದನ್ನೂ ಸೇರಿಸ್ಕೊಂಡು ಕೂತ್ಕೋ."

ಇನ್ನೂರು ಜನ ನಕ್ಕರು. ಹೋದ ವರ್ಷ ಒಬ್ಬ ನಕ್ಕಿರಲಿಲ್ಲ. ಆ ಒಬ್ಬನೂ ಈ ಸಲ, ಊರುಗೋಲು ತೊಡೆಯ ಮೇಲೆ ಇಟ್ಟುಕೊಂಡು, ನಗಲು ಪ್ರಯತ್ನಪಟ್ಟ.

ಡ್ವೈಟ್ ಮೈಕನ್ನು ನೆಸ್ಟರನ ಕೈಗೆ ಕೊಟ್ಟ. ನೆಸ್ಟರ್ ಎದ್ದು ನಿಂತ. ಕೋಟಿನ ಜೇಬಿಗೆ ಕೈ ಹಾಕಿದ. ಕೆಳಗೆ ಮೊದಲ ಸಾಲಿನಲ್ಲಿ ಲೋರ್ನಾ ಆ ಕೈಯನ್ನೇ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಪಾನಿ ಸ್ಟೆಫಾ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ತಾನೇ ಹೆತ್ತ ಮಗನನ್ನು ನೋಡುವ ಹಾಗೆ ನೋಡುತ್ತಿದ್ದಳು.

"ನಾನು," ಅಂದ ನೆಸ್ಟರ್.

"ಒಂದು ನಿಮಿಷ," ಅಂತ ಬಾಗಿಲ ಕಡೆಯಿಂದ ಮಾತು ಬಂತು. ಒರೆಸ್ಟ್ ಊರುಗೋಲು ಹಿಡಿದು ಎದ್ದು ನಿಂತಿದ್ದ. ಅವನು ಗಟ್ಟಿಯಾಗಿ ಮಾತಾಡುವವನಲ್ಲ. ಭವನವೇ ಸುಮ್ಮನಾಗಿ ಅವನಿಗೆ ಜಾಗ ಕೊಟ್ಟಿತು.

"ತಮಾಷೆ ಇರ್ಲಿ ಡ್ವೈಟ್. ನಂಗೆ ಒಂದು ಕೇಳ್ಬೇಕು. ಎಲ್ರ ಎದುರಿಗೇ ಕೇಳ್ತೀನಿ, ಬೇರೆಯವರಿಗೂ ಉಪಯೋಗ ಆಗ್ಲಿ. ನೆಸ್ಟರ್, ನೀನು ಹೇಳಿದ್ದೆಲ್ಲ ಮಾಡಿದೆ ನಾನು. ಬೆಳಗ್ಗೆ, ಖಾಲಿ ಹೊಟ್ಟೇಲಿ. ಮಾತ್ರೆ ಬಿಟ್ಟೆ. ಬ್ರೆಡ್ಡು ಬಿಟ್ಟೆ. ಎಲ್ಲೋ ಒಂದು ಕಡೆ ತಪ್ಪು ಮಾಡಿದೀನಿ. ಎಲ್ಲಿ ಅಂತ ಹೇಳ್ಬಿಡು ಮಾರಾಯಾ. ನಂಗೆ ಬೇಜಾರಿಲ್ಲ. ಇನ್ನೂ ಎಂಟು ಬೆರಳಿದೆ, ಅದನ್ನಾದ್ರೂ ಉಳಿಸ್ಕೊಳ್ತೀನಿ."

ಯಾರೂ ನಗಲಿಲ್ಲ. ಅಡಿಗೆಮನೆಯಲ್ಲಿ ಯಾರೋ ನಲ್ಲಿ ನಿಲ್ಲಿಸಿದರು.

ನೆಸ್ಟರ್ ಮೈಕನ್ನು ಮೇಜಿನ ಮೇಲೆ, ಬೀಟ್‌ರೂಟಿನ ಬೋಗುಣಿಯ ಪಕ್ಕ ಇಟ್ಟ. ಅದು ಉರುಳಿ ಬೋಗುಣಿಗೆ ತಗುಲಿತು, ಧ್ವನಿವರ್ಧಕದಲ್ಲಿ ಟಣ್ ಎಂದಿತು. ವೇದಿಕೆಯ ಮೂರು ಮೆಟ್ಟಿಲು ಇಳಿದ. ಈಗ ಅವನಿಗೆ ಮೆಟ್ಟಿಲು ಇಳಿಯುವುದು ಬಹಳ ಸುಲಭ. ಮೇಜುಗಳ ಸಾಲಿನ ನಡುವೆ, ಮೊದಲಾದರೆ ಹಾಯಲಾಗದಿದ್ದ ಇಕ್ಕಟ್ಟಿನಲ್ಲಿ, ಯಾರ ಕುರ್ಚಿಗೂ ತಾಗದೆ ಬಾಗಿಲ ಕಡೆ ನಡೆದ. ಹಿಂದೆ ಕುರ್ಚಿಯೊಂದು ಸರಿದ ಸದ್ದಾಯಿತು. ಲೋರ್ನಾ ಎದ್ದಿದ್ದಳು. ಅವಳು ಅವನ ಹಿಂದೆ ಬರಲಿಲ್ಲ. ಗೋಡೆಯ ಬದಿಯಿಂದ ಬೇಗ ಬೇಗ ನಡೆದು, ಅವನಿಗಿಂತ ಮೊದಲೇ ಒರೆಸ್ಟನ ಪಕ್ಕದ ಖಾಲಿ ಕಬ್ಬಿಣದ ಕುರ್ಚಿಯವರೆಗೆ ಬಂದು, ಅದರಲ್ಲಿ ಕೂತಳು. ಆ ಕುರ್ಚಿಯಲ್ಲಿ ಅವಳು ತೀರಾ ಚಿಕ್ಕವಳಾಗಿ ಕಂಡಳು.

ಒರೆಸ್ಟನ ಮುಂದೆ ಹಾದುಹೋಗುವಾಗ ನೆಸ್ಟರ್ ನಿಲ್ಲುತ್ತಾನೆಂದು ಎಲ್ಲರೂ ಅಂದುಕೊಂಡರು. ಒರೆಸ್ಟ್ ಕೂಡ ಹಾಗೇ ಅಂದುಕೊಂಡು ಊರುಗೋಲು ಬದಿಗೆ ಸರಿಸಿ ದಾರಿ ಬಿಟ್ಟ. ನೆಸ್ಟರ್ ಆ ದಾರಿಯಲ್ಲಿ ಹೊರಗೆ ಹೋದ.

"ಬಿಡಿ, ಹೋಗ್ಲಿ," ಎಂದು ಒರೆಸ್ಟ್ ಜನರಿಗೆ ಹೇಳುತ್ತಿದ್ದದ್ದು ಬಾಗಿಲು ಮುಚ್ಚುವ ಮೊದಲು ಅವನಿಗೆ ಕೇಳಿಸಿತು. "ಅವನು ಚಿಕ್ಕಂದಿನಿಂದ ಹಾಗೇನೇ. ಹೊಗಳಿದ್ರೆ ನಾಚ್ಕೊಳ್ತಾನೆ."

ಹೊರಗೆ ಅವನದೇ ಗ್ರೇಡರು ಕೆರೆದ ರಸ್ತೆ ಇತ್ತು. ನೆಸ್ಟರ್ ಅದರ ಮೇಲೆ ನಡೆದುಕೊಂಡು ಹೋದ.